ಪಾರ್ವತೆವ್ವನ ಕೂದಲು, ಶಾರದಕ್ಕನ ಬಟ್ಟಲು

ಕೂದಲೆಳೆಯ ಅಂತರದಲ್ಲಿ ತಪ್ಪಿತು ಎನ್ನುತ್ತೇವಲ್ಲ ಗೆಳೆಯರೇ, ಇವತ್ತು ಅದನ್ನು ಕಣ್ಣಾರೆ ಕಂಡೆ.

ಪಕ್ಕದ ಗೌರವ್ವನ ಮನೆಯಲ್ಲಿ ಬಾಡಿಗೆಗಿದ್ದ ಪಾರ್ವತೆವ್ವ ಹೋದ ತಿಂಗಳು ತೀರಿಕೊಂಡಳು. ಹಿಂದೆ ಮುಂದೆ ಯಾರೂ ಇಲ್ಲವೆಂದು ಓಣಿಯವರೇ ಸುಟ್ಟು ಬಂದೆವು. ಇಂದು ಯಲಬುರ್ಗಾದಿಂದ ಶಾರದಕ್ಕ ಎಂಬಾಕೆ ಬಂದಳು. ಹಸುಗೂಸಾಗಿದ್ದಾಗ ತನ್ನನ್ನು ಸಾಕಲು ಕೊಟ್ಟ ತಾಯಿ ಪಾರ್ವತೆವ್ವನೇ ಇರಬೇಕೆಂದು ಅವಳ ಅನುಮಾನ.

"ಡಿಎನ್‌ಎ ಪರೀಕ್ಷಾ ಮಾಡಿದ್ರ ಗೊತ್ತಾಗತೈತಂತ್ರಿ. ಬುಡ ಸಮೇತ ಉದುರಿದ ಕೂದಲ ಇದ್ರ ತರ್ರಿ ಅಂದಾರ."

ಕಾಲೇಜು ಕಲಿತವನ ಗತ್ತಿನಲ್ಲಿ ನಾನೆದ್ದೆ. "ಐತಲ್ಲ! ಅಜ್ಜಿ ದಿನಾ ತಲಿ ಬಾಚಿ, ಉದುರಿದ್ದನ್ನ ಸುತ್ತಿ ಗ್ವಾಡಿ ಗೂಡಿನ್ಯಾಗ ಇಡ್ತಿದ್ಲು."

ಗೌರವ್ವನ ಮುಖ ಇಳಿಯಿತು. "ಅಯ್ಯ ತಮ್ಮಾ, ಮುಂಜಾನೆ ಭಾಗ್ಯನಗರದ ಕೂದಲದಾಂವ ಬಂದಿದ್ದ. ಅದನ್ನ ಹಾಕಿ ಸ್ಟೀಲ್ ಬಟ್ಲಾ ತಗೊಂಡ್ನಿ."

ಮೂವರೂ ಆಟೋ ಹತ್ತಿದೆವು. ಕೂದಲ ವ್ಯಾಪಾರಕ್ಕೇ ಹೆಸರಾದ, ನಮ್ಮೂರಿಗೆ ಅಂಟಿಕೊಂಡ ಭಾಗ್ಯನಗರದ ಗೋದಾಮಿನಲ್ಲಿ ಆಳೆತ್ತರದ ಕೂದಲ ರಾಶಿ. ಹತ್ತೂರಿನ ಅವ್ವಂದಿರೆಲ್ಲ ಸೇರಿ ಒಂದೇ ಜಡೆಯಾಗಿದ್ದರು.

"ಈಗಷ್ಟ ಸುರುವೀನ್ರಿ ಅಕ್ಕಾರ," ಎಂದ ವ್ಯಾಪಾರಿ. "ಇದರಾಗ ಯಾರದಂತ ಹುಡುಕೂದು?"

ಶಾರದಕ್ಕ ಅಳಲಿಲ್ಲ. ಮರಳಿ ಬಂದಮೇಲೆ ಗೌರವ್ವನನ್ನು ಕೇಳಿದಳು: "ಯಕ್ಕಾ, ಆ ಬಟ್ಲಾನರ ಕೊಡ್ತೀರೇನ?"

ಗೌರವ್ವ ಬಟ್ಟಲು ತೊಳೆದು, ತವರಿನಿಂದ ಹೊರಟ ಮಗಳಿಗೆ ಕೊಡುವಂತೆ ಅಕ್ಕಿ, ಕೊಬ್ಬರಿ ತುಂಬಿ ಕೊಟ್ಟಳು. ಶಾರದಕ್ಕ ಅದನ್ನು ಉಡಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದಳು.

ಸ್ಟೀಲಿನಲ್ಲಿ ಡಿಎನ್‌ಎ ಇರುವುದಿಲ್ಲ ಎನ್ನುವಷ್ಟು ವಿಜ್ಞಾನ ನಾನೂ ಓದಿದ್ದೇನೆ. ಹೇಳಲಿಲ್ಲ.