ಏಳನೆಯ ಕಲಮು ಮತ್ತು ಕೀನ್ಯಾದ ಕೂದಲು

ಮನುಷ್ಯನ ಘನತೆ ತಲೆಯೊಳಗಿರುತ್ತದೆ ಎಂದು ಬಲ್ಲವರು ಹೇಳುತ್ತ ಬಂದಿದ್ದಾರೆ. ನಮ್ಮ ಹಾಸ್ಟೆಲ್ಲಿನಲ್ಲಿ ಅದು ತಲೆಯ ಮೇಲಿರುತ್ತಿತ್ತು: ಎರಡು ಜಡೆ, ಎರಡು ರಿಬ್ಬನ್ನು, ನಡುವೆ ನೆಟ್ಟಗೆ ಬೈತಲೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ಕೊಲ್ಹಾಪುರದಲ್ಲಿ ಕಾಲೇಜು ಹುಡುಗಿಯರಿಗೆಂದು ಒಂದು ಖಾಸಗಿ ಹಾಸ್ಟೆಲ್ಲಿತ್ತು. ಅದರ ನಿಯಮಾವಳಿಗೆ ಚೌಕಟ್ಟು ಹಾಕಿಸಿ, ದೇವರ ಪಟದ ಪಕ್ಕದಲ್ಲಿ ತೂಗುಹಾಕಿದ್ದರು. ಏಳನೆಯ ಕಲಮು ಕೂದಲಿಗೆ ಮೀಸಲು. ಎಣ್ಣೆ ಹಚ್ಚಿ, ಬಾಚಿ, ಎರಡು ಜಡೆ ಹಾಕತಕ್ಕದ್ದು. ಬೆಂಕಿ ಬಿದ್ದರೆ ಏನು ಮಾಡಬೇಕೆಂಬುದು ಹದಿನಾರನೆಯ ಕಲಮಿನಲ್ಲಿತ್ತು. ಅಲ್ಲಿಯವರೆಗೆ ಯಾರೂ ಓದಿದ್ದಿಲ್ಲ.

ನಾನು ಹೋದದ್ದು ಇಚಲಕರಂಜಿಯಿಂದ. ಅಪ್ಪ ಅಲ್ಲಿ ಪವರ್‌ಲೂಮ್ ರಿಪೇರಿ ಮಾಡುತ್ತಿದ್ದ. ಅವನ ಹಿಂದಿನವರೆಲ್ಲ ಗಡಹಿಂಗ್ಲಜದ ಹತ್ತಿರದ ಹಳ್ಳಿಯಲ್ಲಿ ಕುರಿ ಕಾಯ್ದವರು. ನನ್ನದು ಗುಂಗುರು ಕೂದಲು. ಕುರಿಯ ಬೆನ್ನ ಮೇಲಿನ ಗುಂಗುರಿಗೆ ಕೈಯಾಡಿಸಿ ಹೊಗಳುತ್ತಿದ್ದ ಅಜ್ಜಿ, ಅದೇ ಗುಂಗುರು ಮೊಮ್ಮಗಳ ತಲೆಯಲ್ಲಿ ಕಂಡರೆ ನಿಟ್ಟುಸಿರು ಬಿಡುತ್ತಿದ್ದಳು. ಅವ್ವ ವಾರಕ್ಕೊಮ್ಮೆ ಔಡಲೆಣ್ಣೆ ಸುರಿದು, ಗೋಡೆಗೆ ಮಣ್ಣು ಮೆತ್ತುವವರಂತೆ ಒತ್ತಿ ಒತ್ತಿ ಜಡೆ ಹೆಣೆಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕಿವಿಯ ಹತ್ತಿರ ಒಂದೊಂದೇ ಸುರುಳಿ ಎದ್ದು ನಿಲ್ಲುತ್ತಿತ್ತು. ಹೀಗಾಗಿ ಏಳನೆಯ ಕಲಮಿನ ಮುಂದೆ ನಾನು ಹುಟ್ಟಾ ಆರೋಪಿ.

ಎರಡನೆಯ ವರ್ಷ ಕೀನ್ಯಾ ದೇಶದಿಂದ ಬಿ.ಕಾಂ. ಓದಲು ಒಬ್ಬ ಹುಡುಗಿ ಬಂದಳು. ರೆಕ್ಟರ್‌ಬಾಯಿ ನನ್ನನ್ನು ಆಫೀಸಿಗೆ ಕರೆಸಿದರು. ಹಾಸ್ಟೆಲ್ಲಿನ ಮೇಲ್ವಿಚಾರಕಿಯಾದ ಅವರು ಬೆಳಗಾವಿ ಕಡೆಯವರು. ಆಡಳಿತವನ್ನೆಲ್ಲ ಮರಾಠಿಯಲ್ಲಿ ನಡೆಸಿ, ಗುಟ್ಟಿನ ಮಾತಿಗೆ ಕನ್ನಡವನ್ನು ಇಟ್ಟುಕೊಂಡಿದ್ದರು.

"ನೋಡವಾ, ನಿನ್ನ ತಲಿನೂ ಹಂಗ, ಆಕಿ ತಲಿನೂ ಹಂಗ. ಇಬ್ಬರೂ ಒಂದ ಖೋಲಿಯೊಳಗ ಇರ್ರಿ. ಉಳಿದ ಹುಡುಗ್ಯಾರಿಗೆ ಸುಮ್ನ ತ್ರಾಸ ಬ್ಯಾಡ."

ಗುಂಗುರು ಅಂಟುರೋಗವೆಂದು ನಾನು ತಿಳಿದದ್ದು ಅಂದೇ.

ಆ ಹುಡುಗಿಯ ಜೊತೆ ನನ್ನದು ವ್ಯಾಕರಣ ಪುಸ್ತಕದ ಇಂಗ್ಲಿಷು, ಅವಳದು ಆಡುವ ಇಂಗ್ಲಿಷು. ಭಾನುವಾರ ಅವಳು ತಲೆ ತೊಳೆದುಕೊಂಡರೆ ಕೂದಲು ಸುತ್ತಲೂ ಎದ್ದು ಕಪ್ಪು ಪ್ರಭಾವಳಿಯಂತೆ ನಿಲ್ಲುತ್ತಿತ್ತು. ಬಾಗಿಲಲ್ಲಿ ಹುಡುಗಿಯರು ಜಮಾಯಿಸುತ್ತಿದ್ದರು. ಮುಟ್ಟಿ ನೋಡಲಾ, ಎಣ್ಣೆ ಒಳಗೆ ಇಳಿಯುತ್ತದಾ, ನಿನಗೆ ನಿದ್ದೆ ಹೇಗೆ ಬರುತ್ತದೆ ಎಂದು ವಿಚಾರಣೆ. ಎರಡು ವಾರ ಸಹಿಸಿದ ಅವಳು ಮೂರನೆಯ ಭಾನುವಾರ ಹೊಸದಾಗಿ ಕಲಿತ ಹಿಂದಿಯಲ್ಲಿ, "ಲೈನ್ ಸೇ ಆವ್. ಚಪ್ಪಲ್ ಬಾಹರ್" ಎಂದಳು. ಹುಡುಗಿಯರು ನಿಜಕ್ಕೂ ಚಪ್ಪಲಿ ಬಿಟ್ಟು ಸಾಲಾಗಿ ನಿಂತರು. ಸಾಲಿನ ಮೊದಲಿಗಳು ಶಿರೋಳದ ಕಬ್ಬಿನ ಮನೆತನದವಳು. ಮೊಣಕಾಲು ಮುಟ್ಟುವ ಎರಡು ಜಡೆಗಳ ಒಡತಿ. ಕೀನ್ಯಾದವಳು ಅದರಲ್ಲೊಂದು ಜಡೆಯನ್ನು ಗಂಭೀರವಾಗಿ ಕೈಯಲ್ಲಿ ಹಿಡಿದು, ತೂಗಿ, ಮೂಸಿ, ಒಮ್ಮೆ ಜಗ್ಗಿ, "ಇದು ನಿನ್ನದೇನಾ?" ಎಂದು ಕೇಳಿದಳು. ಮರುವಾರದಿಂದ ಪ್ರದರ್ಶನ ನಿಂತಿತು.

ಅವಳಿಗೆ ಕಪ್ಪು ನೂಲು ಬೇಕಾಗಿತ್ತು. ಕೂದಲನ್ನು ಚಿಕ್ಕ ಚಿಕ್ಕ ಪಾಲು ಮಾಡಿ, ಒಂದೊಂದಕ್ಕೂ ಬುಡದಿಂದ ತುದಿಯವರೆಗೆ ನೂಲು ಬಿಗಿದು ಸುತ್ತುವುದು ಅವರ ಕಡೆಯ ರೂಢಿಯಂತೆ. ಅವಳ ತಾಯಿ ಹಾಗೆ ಸುತ್ತುತ್ತಿದ್ದಳಂತೆ. ನೂಲೆಂದರೆ ನಮ್ಮೂರು. ರಜೆಗೆ ಹೋದಾಗ ಅಪ್ಪನನ್ನು ಕೇಳಿದೆ.

"ನೂಲ ಎದಕ್ಕ?"

"ತಲಿಗೆ."

ಅಪ್ಪ ನನ್ನ ತಲೆಯನ್ನು ಸ್ವಲ್ಪ ಹೊತ್ತು ನೋಡಿದ. "ಕಾಲೇಜಿನ್ಯಾಗ ಏನೇನ ಕಲಸ್ತಾರೊ" ಎಂದು ಒಂದು ಉಂಡೆ ಕೊಟ್ಟ.

ಸುತ್ತುವುದಕ್ಕೆ ನನಗೆ ಇಡೀ ಭಾನುವಾರ ಹಿಡಿಯಿತು. ಸುತ್ತಿಸಿಕೊಳ್ಳುತ್ತ ಅವಳು ಹೇಳಿದಳು: ಅವಳ ಮಿಶನ್ ಶಾಲೆಯಲ್ಲಿ ಸಿಸ್ಟರುಗಳು ಪ್ರತಿ ಟರ್ಮಿಗೂ ಹುಡುಗಿಯರ ತಲೆಗೂದಲನ್ನು ಉಗುರಿನಷ್ಟೇ ಉಳಿಸಿ ಕತ್ತರಿಸಿ ಹಾಕುತ್ತಿದ್ದರು. ಈ ಕೂದಲು ಶಾಲೆ ಬಿಟ್ಟ ಮೇಲೆ ಬೆಳೆದದ್ದು, ಅವಳ ಬುದ್ಧಿ ಬಂದಮೇಲಿನ ಮೊದಲ ಕೂದಲು. ಇನ್ನು ಇದಕ್ಕೆ ಯಾರ ಕತ್ತರಿಯನ್ನೂ ಸೋಂಕಿಸುವುದಿಲ್ಲ ಎಂದಳು.

ರೆಕ್ಟರ್‌ಬಾಯಿ ಸೋಮವಾರವೇ ನೋಡಿದರು. ತಲೆಯ ತುಂಬ ತೂಗುವ ಕರಿ ಹುರಿಗಳು. ಜಡೆ ಎರಡಲ್ಲ, ನಲವತ್ತೋ ಐವತ್ತೋ. ಎಂಟು ದಿನದ ಗಡುವು ಹಾಕಿದರು. ಅವನ್ನೆಲ್ಲ ಕತ್ತರಿಸಿ ನೀಟಾಗಬೇಕು, ಇಲ್ಲದಿದ್ದರೆ ಖೋಲಿ ಬಿಡಬೇಕು. ಖೋಲಿ ಬಿಟ್ಟರೆ ಅವಳಿಗೆ ಬೇರೆ ಜಾಗವಿರಲಿಲ್ಲ. ಇಲ್ಲಿಗೆ ಬರುವ ಮೊದಲು ಊರಲ್ಲಿ ಆರು ಮನೆ ಕೇಳಿದ್ದಳು. ಅವಳ ಮುಖ ಕಂಡೊಡನೆ ಆರೂ ಮನೆಗೆ ಆ ಕ್ಷಣವೇ ನೆಂಟರು ಬಂದಿದ್ದರು.

ನಡುವೆ ಬಂದವಳು ಅಡುಗೆಯ ಮೌಶಿ. ಗಡಹಿಂಗ್ಲಜ ಕಡೆಯ ಹೆಂಗಸು, ಎಲ್ಲಮ್ಮನ ಒಕ್ಕಲು. ಆ ಕಡೆ ಹೆಣ್ಣುಮಕ್ಕಳ ಕೂದಲು ಗಂಟುಗಟ್ಟಿ ಹುರಿಯಾದರೆ ಅದು ದೇವಿಯೇ ಇಳಿದುಬಂದ ಜಟೆ. ಬಾಚಿದರೆ ಮನೆಗೆ ಕೇಡು, ಕತ್ತರಿಸಿದರೆ ಊರಿಗೇ ಕೇಡು. ಅಡುಗೆಮನೆ ಬಿಟ್ಟು ಮೇಲಿನ ಮಹಡಿಗೆ ಎಂದೂ ಹತ್ತದ ಮೌಶಿ ಮಂಗಳವಾರ ಜೋಳದ ಭಕ್ರಿ ಬಡಿಸುತ್ತ ಕತ್ತೆತ್ತಿ ನೋಡಿದಳು. ಬುಟ್ಟಿ ಕೆಳಗಿಟ್ಟಳು. ಆ ಹುಡುಗಿಯ ಕಾಲು ಮುಟ್ಟಿದಳು.

"ಅವ್ವಾ, ಇಷ್ಟ ದೂರದಿಂದ ಬಂದೀಯೇನ?"

ಅಂದಿನಿಂದ ಅವಳ ತಾಟಿಗೆ ಮೊದಲ ಭಕ್ರಿ, ಅದರ ಮೇಲೆ ತುಪ್ಪ. ಶುಕ್ರವಾರ ಹಣೆಗೆ ಭಂಡಾರ. ಪಕ್ಕದಲ್ಲಿ ಕೂತ ತಪ್ಪಿಗೆ ನನಗೂ ಅರ್ಧ ಚಮಚ ತುಪ್ಪ ಬೀಳುತ್ತಿತ್ತು. ಅದು ನೂಲೆಂದು ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ. ತುಪ್ಪ ಚೆನ್ನಾಗಿತ್ತು.

ಎಂಟನೆಯ ದಿನ ರೆಕ್ಟರ್‌ಬಾಯಿ ಊಟದ ಹಾಲಿಗೆ ಕತ್ತರಿ ಹಿಡಿದು ಬಂದರು. ಮೌಶಿ ಹಿಟ್ಟಿನ ಕೈಯಲ್ಲೇ ಅಡ್ಡ ನಿಂತಳು.

"ಬಾಯಿಸಾಬ, ನೀವ್ ಕತ್ತರಿ ಮುಟ್ಟಿದ್ರ ನಾ ಒಲಿ ಮುಟ್ಟೂದಿಲ್ಲ."

"ಏನ್ ಹುಚ್ಚಿದ್ದೀ? ಆಕಿ ಕ್ರಿಶ್ಚನ್ ಅದಾಳ."

"ಎಲ್ಲಮ್ಮಗ ಅದೆಲ್ಲಾ ಗೊತ್ತಿರೂದಿಲ್ಲೇನ್ರಿ? ನೋಡೇ ಬಂದಿರ್ತಾಳ."

ಅರವತ್ತು ಹುಡುಗಿಯರ ಊಟ ಒಂದು ಕಡೆ, ಏಳನೆಯ ಕಲಮು ಒಂದು ಕಡೆ. ಆಡಳಿತವೆಂದರೆ ಇಂಥಲ್ಲಿ ದಾರಿ ಹುಡುಕುವುದು. ರೆಕ್ಟರ್‌ಬಾಯಿ ಮಧ್ಯಾಹ್ನದೊಳಗೆ ಒಂದು ಅರ್ಜಿ ಟೈಪು ಮಾಡಿಸಿದರು: ಸದರಿ ವಿದ್ಯಾರ್ಥಿನಿ ದೇವಿಯ ಹರಕೆಯ ನಿಮಿತ್ತ ಜಟೆ ಧರಿಸಿದ್ದು, ಅವಳಿಗೆ ಕಲಮು ಏಳರಿಂದ ವಿನಾಯಿತಿ ಕೊಡಬೇಕು. ಕೆಳಗೆ ಸಹಿಗೆ ಜಾಗ.

ನಾನು ಅದನ್ನು ಅವಳಿಗೆ ಅನುವಾದಿಸಿದೆ. "ಸಹಿ ಮಾಡು, ಎಲ್ಲ ಮುಗಿಯುತ್ತದೆ" ಎಂದೂ ಸೇರಿಸಿದೆ.

"ಅಲ್ಲಿ ಸಿಸ್ಟರುಗಳು ಇದು ಸೈತಾನನದ್ದು ಅಂದರು," ಎಂದಳು ಅವಳು. "ಇಲ್ಲಿ ದೇವಿಯದ್ದು ಅನ್ನುತ್ತೀರಿ. ನನ್ನ ತಲೆಯಲ್ಲಿ ನಾನೇ ಬಾಡಿಗೆಗಿದ್ದ ಹಾಗಾಯಿತು."

"ತುಪ್ಪ ಹೋಗುತ್ತದೆ," ಎಂದೆ ನಾನು.

"ಅದೊಂದೇ ಬೇಜಾರು," ಎಂದಳು.

ಸಹಿಯಿಲ್ಲದ ಅರ್ಜಿ ಮೇಜಿನ ಮೇಲೆಯೇ ಉಳಿಯಿತು. ಅವಳು ನನ್ನನ್ನು ಎಳೆದುಕೊಂಡು ನೇರ ಅಡುಗೆಮನೆಗೆ ಹೋಗಿ ಮೌಶಿಯ ಎದುರು ನೆಲದ ಮೇಲೆ ಕೂತಳು. ಕಿವಿಯ ಹತ್ತಿರದ ಒಂದು ಹುರಿ ಹಿಡಿದು ತುದಿಯಿಂದ ಬಿಚ್ಚತೊಡಗಿದಳು. ಮೌಶಿ ಕಣ್ಣು ಮುಚ್ಚಿ ಎಲ್ಲಮ್ಮನನ್ನು ಕೂಗಿದಳು. ಏನೂ ಆಗಲಿಲ್ಲ. ಹೊರಗೆ ಕಾಗಲಿಗೆ ಹೋಗುವ ಟ್ರಕ್ಕೊಂದು ಹಾರ್ನು ಹಾಕಿ ಹೋಯಿತು. ಕಣ್ಣು ಬಿಟ್ಟಾಗ ಅವಳ ಮುಂದೆ ಒಂದು ಮಾರು ಕರಿ ನೂಲು ಬಿದ್ದಿತ್ತು.

ಮೌಶಿ ಅದನ್ನು ಎತ್ತಿ, ಬೆರಳಲ್ಲಿ ಹೊಸೆದು, ನನ್ನ ಕಡೆ ತಿರುಗಿದಳು.

"ಇದ ನೂಲ ಅಲ್ಲೇನ?"

"ಹೌದ್ರಿ ಮೌಶಿ."

"ಎಲ್ಲೀದು?"

"ಇಚಲಕರಂಜೀದು. ನಮ್ಮಪ್ಪ ಕೊಟ್ಟಾನ."

"ಅಂದ್ರ ಒಂದ ವಾರ ನಾ ನಿಮ್ಮಪ್ಪನ ಮಗ್ಗಕ್ಕ ಕೈಮುಗದೇನಿ."

ಅಷ್ಟರಲ್ಲಿ ಕೀನ್ಯಾದವಳು ಎರಡನೆಯ ಹುರಿಗೆ ಕೈ ಹಾಕಿದ್ದಳು. ನೂಲು ಸಿಕ್ಕಾಗಿತ್ತು, ಅವಳು ಸಿಟ್ಟಿನಿಂದ ಜಗ್ಗಿದಳು. ಮೌಶಿ ಅವಳ ಕೈಮೇಲೆ ಪಟ್ಟನೆ ಹೊಡೆದಳು. ದೇವಿಗೆ ಹಾಗೆ ಯಾರೂ ಹೊಡೆಯುವುದಿಲ್ಲ.

"ಹಂಗ ಜಗ್ಗಬ್ಯಾಡ, ಬುಡಕ್ಕ ನೋವಾಕ್ಕೈತಿ. ಸರಿ ಇತ್ತಾಗ. ಹೊಳ್ಳಿ ಕೂಡ."

ಸಂಜೆಯವರೆಗೆ ಮೌಶಿ ಬಿಚ್ಚಿದಳು. ಬಿಚ್ಚುತ್ತ ಇಬ್ಬರನ್ನೂ ಬೈದಳು, ಮುಖ್ಯವಾಗಿ ನನ್ನನ್ನು. ಕೀನ್ಯಾದವಳು ಕೂದಲನ್ನು ತೋಯಿಸಿ ತುದಿಯಿಂದ ಮೇಲಕ್ಕೆ ಬಾಚಬೇಕೆಂದು ಕೈಸನ್ನೆಯಲ್ಲಿ ಕಲಿಸಿದಳು. "ನಮ್ಮವ್ವ ಮ್ಯಾಲಿಂದ ಬಾಚಿ ಬಾಚಿ ನನ್ನ ಅರ್ಧಾ ತಲಿ ಖಾಲಿ ಮಾಡಿದ್ಲು" ಎಂದು ಮೌಶಿ ಗೊಣಗಿದಳು. ಆ ದಿನ ರಾತ್ರಿಯ ಊಟ ಒಂದು ತಾಸು ತಡ. ಭಕ್ರಿ ಎಮ್ಮೆಯ ಕಿವಿಯಷ್ಟು ದಪ್ಪ.

ಹರಕೆಯೂ ಇಲ್ಲ, ಜಟೆಯೂ ಇಲ್ಲ ಎಂಬ ಸುದ್ದಿ ಮುಟ್ಟಿದ ಕೂಡಲೇ ರೆಕ್ಟರ್‌ಬಾಯಿ ಮರುದಿನ ಬೆಳಿಗ್ಗೆ ಮತ್ತೆ ಕತ್ತರಿಯ ಸಮೇತ ಬಂದರು. ಕೂದಲು ತೊಳೆದು, ಬಾಚಿ, ದುಂಡಗೆ ಎದ್ದುನಿಂತಿತ್ತು. ಮೌಶಿ ಭಕ್ರಿ ತಟ್ಟುವುದನ್ನು ನಿಲ್ಲಿಸಲೂ ಇಲ್ಲ.

"ಈಗರೆ ಸರಿ," ಎಂದರು ರೆಕ್ಟರ್‌ಬಾಯಿ. "ದೇವಿ ಇಲ್ಲಲ್ಲ."

"ದೇವಿ ಇಲ್ರಿ. ಆದ್ರ ಆ ತಲಿ ನಿನ್ನಿ ನಾ ಬಾಚೇನಿ. ನಾ ಬಾಚಿದ ತಲಿಗೆ ಕತ್ತರಿ ಹಾಕೂದಿದ್ರ, ಆ ಒಲಿ ಅಲ್ಲೈತಿ, ನೀವ ಹಚ್ಚ್ರಿ."

ರೆಕ್ಟರ್‌ಬಾಯಿ ಒಲೆಯನ್ನು ನೋಡಿದರು, ಹಿಟ್ಟಿನ ಚೀಲವನ್ನು ನೋಡಿದರು. ಆಫೀಸಿನಲ್ಲಿ ಕೆಲಸವಿದೆ ಎಂದು ಹೊರಟುಹೋದರು.

ತುಪ್ಪ ನಿಂತಿತು. ಕೀನ್ಯಾದ ಹುಡುಗಿ ಬಿ.ಕಾಂ. ಮುಗಿಸುವವರೆಗೆ ಅದೇ ಖೋಲಿಯಲ್ಲಿದ್ದಳು, ಕೂದಲು ಕತ್ತರಿಸಲಿಲ್ಲ.