ಕ್ಯಾಂಪ್ ಸರ್ವರಿನಲ್ಲಿ ಉಳಿದ ನನ್ನ ಹೆಸರು

ಮಳೆಗಾಲ ಮುಗಿಯಿತೆಂದು ಮೊನ್ನೆ ಟ್ರಂಕಿನ ಬಟ್ಟೆಗಳನ್ನೆಲ್ಲ ಬಾಲ್ಕನಿಯ ಬಿಸಿಲಿಗೆ ಹಾಕುತ್ತಿದ್ದೆ. ಡಾಂಬರು ಗುಳಿಗೆಯ ವಾಸನೆಯೊಂದಿಗೆ ಬೂದು ಬಣ್ಣದ ಒಂದು ಸ್ವೆಟರ್ ಕೈಗೆ ಬಂತು. ಕೈಯಿಂದ ಹೆಣೆದದ್ದು. ಅದರ ಎಡತೋಳು ಬಲತೋಳಿಗಿಂತ ತುಸು ಉದ್ದ. ಹೆಣೆದವರನ್ನು ಆಗಲೇ ಕೇಳಿದ್ದೆ, ಹೀಗೇಕೆ ಎಂದು. "ಬಲಗೈ ಮೌಸ್ ಹಿಡದು ಓಡಾಡತದ, ಬೆಚ್ಚಗಿರತದ. ಎಡಗೈ ಸುಮ್ಮ ಕುಂತು ತಣ್ಣಗಾಗತದ ನೋಡು, ಅದಕ್ಕ ಉದ್ದ ಮಾಡೇನಿ" ಎಂದು ನಕ್ಕಿದ್ದರು. ಲೆಕ್ಕ ತಪ್ಪಿದ್ದನ್ನು ಒಪ್ಪಿಕೊಳ್ಳದ ಅವರ ರೀತಿ ಅದು. ಆಗ ನನಗೆ ಅದು ಬಹಳ ಚಂದ ಕಂಡಿತ್ತು...

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಉಳಿದವರಿಗೆ ಅವರು ಮ್ಯಾಡಮ್. ಪುಣೆಯ ಚಿಂಚವಾಡದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯ ಕಂಪ್ಯೂಟರ್ ವಿಭಾಗಕ್ಕೆ ನಾನು ಸೇರಿದಾಗ ಅವರು ಅಲ್ಲಿ ಹಳಬರು. ಮೊದಲ ದಿನ ಮಧ್ಯಾಹ್ನ ಅವ್ವನಿಗೆ ಫೋನ್ ಮಾಡಿ, ಊಟ ಆಯಿತು, ಜನ ಒಳ್ಳೆಯವರಿದ್ದಾರೆ ಎಂದೆಲ್ಲ ಹೇಳಿ ತಿರುಗಿದರೆ ಹಿಂದೆ ನಿಂತಿದ್ದರು.

"ಯಾವೂರ ತಂಗಿ ನಿಮ್ಮದು?"

ನಾನು ಹುಟ್ಟಿದ್ದೇ ಪುಣೆಯಲ್ಲಿ. ಅಪ್ಪ ವಿಜಯಪುರದ ಕಡೆಯಿಂದ ಬಂದು ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಕನ್ನಡವೆಂದರೆ ನನಗೆ ಮನೆಯ ಹೊಸ್ತಿಲೊಳಗಿನ ಮಾತು. ಅಪ್ಪ ಹೋದಮೇಲೆ ಅದು ನನ್ನ ಮತ್ತು ಅವ್ವನ ನಡುವಷ್ಟೇ ಉಳಿದಿತ್ತು. ಆಫೀಸಿನಲ್ಲಿ ಯಾರೋ ನನ್ನನ್ನು ತಂಗಿ ಎಂದು ಕರೆಯುತ್ತಾರೆಂದು ನಾನು ಎಣಿಸಿಯೇ ಇರಲಿಲ್ಲ. ಅಕ್ಕ ಕಲಬುರಗಿಯವರು. ಮದುವೆಯಾಗಿ ಪುಣೆಗೆ ಬಂದು, ಗಂಡ ದುಬೈಗೆ ಹೋದಮೇಲೆ ನಿಗಡಿಯಲ್ಲಿ ಒಬ್ಬರೇ ಇದ್ದರು.

ಕೆಲಸ ಕಲಿಸಿದ್ದು ಅವರೇ. ನಮ್ಮಲ್ಲಿ ಎರಡು ಡೈರೆಕ್ಟರಿ ಸರ್ವರುಗಳಿದ್ದವು. ಒಂದು ಫ್ಯಾಕ್ಟರಿಯಲ್ಲಿ, ಇನ್ನೊಂದು ಪುಣೆಯ ಕ್ಯಾಂಪ್ ಎಂಬ ಪೇಟೆ ಭಾಗದಲ್ಲಿದ್ದ ಆಫೀಸಿನಲ್ಲಿ. ಕಂಪನಿಯ ಪ್ರತಿಯೊಬ್ಬರ ಹೆಸರು, ಪಾಸ್‌ವರ್ಡು, ಯಾರಿಗೆ ಏನನ್ನು ತೆರೆದು ನೋಡುವ ಅಧಿಕಾರವಿದೆ ಎಂಬುದೆಲ್ಲ ಅವುಗಳಲ್ಲೇ ಇರುವುದು. ಒಂದರಲ್ಲಿ ಏನು ಬದಲಾದರೂ ಅದು ಇನ್ನೊಂದಕ್ಕೆ ತಿಳಿಸುತ್ತದೆ. ಅವುಗಳ ನಡುವಿನ ಮಾತು ನಿಂತರೆ ಬೆಳಿಗ್ಗೆ ಕೆಲಸಕ್ಕೆ ಬಂದವರನ್ನು ಕಂಪ್ಯೂಟರು ಗುರುತಿಸುವುದಿಲ್ಲ. ಮಾತು ನಿಂತದ್ದಕ್ಕೆ ಕಾರಣ ಹುಡುಕುವುದು ನಮ್ಮ ಕೆಲಸ. ಸರ್ವರು ತನಗಾದ ತೊಂದರೆಗಳನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುವ ಲಾಗ್ ತೆರೆದರೆ ಕೆಂಪು ಗುರುತಿನ ಸಾಲುಗಳು ಮೇಲಿಂದ ಕೆಳಗಿನವರೆಗೆ ತುಂಬಿರುತ್ತಿದ್ದವು. ನಾನು ಗಾಬರಿಯಾಗಿ ತೀರ ಮೇಲಿನದನ್ನು ಓದಲು ಹೋದರೆ ಅಕ್ಕ ಗದರುತ್ತಿದ್ದರು. "ಅದು ಈಗ ಅಳೂದು. ಅಳು ಯಾವಾಗ ಶುರು ಆತು ಅದನ್ನ ನೋಡು. ಕೆಳಗ ಹೋಗು, ಇನ್ನಾ ಕೆಳಗ." ಒಂದು ಸರ್ವರಿಗೆ ಇನ್ನೊಂದರ ಹೆಸರು ಸಿಗುತ್ತಿದೆಯೇ, ಎರಡರ ಗಡಿಯಾರವೂ ಒಂದೇ ಹೊತ್ತು ತೋರಿಸುತ್ತಿದೆಯೇ, ಇವನ್ನು ನೋಡದೆ ಬೇರೆ ಯಾವುದಕ್ಕೂ ಕೈ ಹಚ್ಚಗೊಡುತ್ತಿರಲಿಲ್ಲ. ಇನ್ನೊಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಡೈರೆಕ್ಟರಿ ಸರ್ವರು ಕೆಟ್ಟರೆ ಅದರ ಹಳೆಯ ಪ್ರತಿಯನ್ನು ತಂದು ಕೂರಿಸಬಾರದು. ಅದು ಹಿಂದಿನ ದಿನಗಳಲ್ಲೇ ಇದ್ದಂತೆ ಎದ್ದು ಕೂರುತ್ತದೆ, ಇನ್ನೊಂದು ಸರ್ವರು ಅದನ್ನು ನಂಬುವುದಿಲ್ಲ.

ಸರ್ವರ್ ಕೋಣೆಯ ಆ ಚಳಿಯಲ್ಲಿ, ಫ್ಯಾನುಗಳ ಭೋರ್ಗರೆತದ ನಡುವೆ ನಾವಿಬ್ಬರೂ ಗಂಟಲೆತ್ತರಿಸಿ ಕನ್ನಡ ಮಾತಾಡುತ್ತಿದ್ದೆವು. ಹೊರಗಿನವರಿಗೆ ಜಗಳದಂತೆ ಕೇಳುತ್ತಿತ್ತಂತೆ.

ಅಕ್ಕ ನಮ್ಮ ಮನೆಗೂ ಬರತೊಡಗಿದರು. ಅವ್ವನಿಗೆ ಅವರೆಂದರೆ ಜೀವ. ಅವರು ಬರುವ ಭಾನುವಾರ ಅವ್ವ ಎಣ್ಣೆಗಾಯಿ ಮಾಡುತ್ತಿದ್ದಳು, ಇಬ್ಬರೂ ನನ್ನನ್ನು ಬಿಟ್ಟು ಅಡುಗೆಮನೆಯಲ್ಲಿ ಕೂತು ಮಾತಾಡುತ್ತಿದ್ದರು. ಅವ್ವನ ಮೊಣಕಾಲಿನ ಆಪರೇಶನ್ ಆದಾಗ ಅಕ್ಕ ಆಸ್ಪತ್ರೆಗೆ ರೊಟ್ಟಿ ಕಟ್ಟಿಕೊಂಡು ಬಂದರು, ನಾನು ಸ್ನಾನಕ್ಕೆ ಮನೆಗೆ ಹೋದರೆ ಅವ್ವನ ತಲೆ ಬಾಚಿ ಕೂರಿಸಿರುತ್ತಿದ್ದರು. ಆ ರಜೆಯಲ್ಲಿ ನನ್ನ ಕೆಲಸ ನಿಲ್ಲಬಾರದೆಂದು ನನ್ನ ಪಾಸ್‌ವರ್ಡನ್ನು ಅವರಿಗೆ ಕೊಟ್ಟೆ. ತಿರುಗಿ ಬಂದಮೇಲೆ ಬದಲಿಸಲಿಲ್ಲ. ಅವ್ವನ ತಲೆ ಬಾಚಿದವರಿಂದ ಏನನ್ನು ಬಚ್ಚಿಡುವುದು?

ಮರುವರ್ಷ ನಮ್ಮ ವಿಭಾಗಕ್ಕೆ ಹೊಸ ಸಾಹೇಬರು ಬಂದರು. ಅಕ್ಕ ಆಗಿನಿಂದ ಸ್ವಲ್ಪ ಮಂಕಾದರು. ಊಟದ ಹೊತ್ತಿಗೆ ಸಾಹೇಬರ ಕೋಣೆಗೆ ಕರೆ ಬರುತ್ತಿತ್ತು, ಹಿಂತಿರುಗಿ ಬಂದು ಡಬ್ಬಿ ತೆರೆಯದೆ ಕೂರುತ್ತಿದ್ದರು. ಏನಾಯಿತೆಂದು ಕೇಳಿದರೆ "ಏನಿಲ್ಲವಾ, ಹಂಗಽ" ಎನ್ನುತ್ತಿದ್ದರು. ದುಬೈಯಿಂದ ಫೋನ್ ಬರುವುದು ಕಡಿಮೆಯಾಗಿರಬೇಕು ಎಂದುಕೊಂಡು ಸುಮ್ಮನಾದೆ.

ಆಮೇಲೆ ಆ ಸೋಮವಾರ ಬಂತು. ಶನಿವಾರ ನಾನು ಸೋಲಾಪುರದಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಸೋಮವಾರ ಬೆಳಿಗ್ಗೆ ಫ್ಯಾಕ್ಟರಿಯ ಗೇಟು ದಾಟುವಾಗಲೇ ಗದ್ದಲ ಕೇಳಿಸಿತು. ಅರ್ಧದಷ್ಟು ಜನರಿಗೆ ಕಂಪ್ಯೂಟರು ತೆರೆಯುತ್ತಿಲ್ಲ. ಹೊಸದಾಗಿ ಸೇರಿದವರ ಹೆಸರೇ ಇಲ್ಲ. ಪಾಸ್‌ವರ್ಡು ಬದಲಿಸಿದವರಿಗೆ ಹಳೆಯದೇ ನಡೆಯುತ್ತಿದೆ. ಸರಕು ಕಳಿಸುವ ಚೀಟಿ ಮುದ್ರಣವಾಗದೆ ಲಾರಿಗಳು ರಸ್ತೆಯವರೆಗೂ ಸಾಲುಗಟ್ಟಿ ನಿಂತಿದ್ದವು, ಡ್ರೈವರುಗಳು ಇಳಿದು ಬಂದು ಮರಾಠಿಯಲ್ಲಿ ಕೂಗಾಡುತ್ತಿದ್ದರು.

ಅಕ್ಕ ನನ್ನ ಹಿಂದಿನ ಕುರ್ಚಿಯಲ್ಲಿ ಕೂತರು. "ನೀನಽ ನೋಡು ಇವತ್ತ" ಎಂದರು. ನಾನು ಹೆಸರು ನೋಡಿದೆ, ಗಡಿಯಾರ ನೋಡಿದೆ. ಎರಡೂ ಸರಿ ಇದ್ದವು. ಕ್ಯಾಂಪಿನ ಸರ್ವರಿನ ಲಾಗ್ ತೆರೆದೆ. ಕೆಂಪು ಸಾಲುಗಳ ಗುಂಟ ಕೆಳಗೆ, ಇನ್ನೂ ಕೆಳಗೆ ಹೋದೆ. ಮೊದಲ ಕೆಂಪು ಸಾಲು ಶನಿವಾರ ಮಧ್ಯಾಹ್ನದ್ದು. ಫ್ಯಾಕ್ಟರಿಯ ಸರ್ವರು ಹಳೆಯ ಕಾಲದ ಮಾತಾಡುತ್ತಿದೆ, ಅದರ ಮಾತನ್ನು ಇನ್ನು ಸ್ವೀಕರಿಸುವುದಿಲ್ಲ ಎಂದು ಕ್ಯಾಂಪಿನ ಸರ್ವರು ಬರೆದಿತ್ತು. ಯಾರೋ ಹಳೆಯ ಪ್ರತಿಯನ್ನು ತಂದು ಕೂರಿಸಿದ್ದರು.

ಕಾರಣ ಗೊತ್ತಾದಮೇಲೆ ದಾರಿ ಕಷ್ಟದ್ದಲ್ಲ. ಫ್ಯಾಕ್ಟರಿಯ ಸರ್ವರನ್ನು ಡೈರೆಕ್ಟರಿಯಿಂದ ಕಿತ್ತು, ಹೊಸದಾಗಿ ಸೇರಿಸಿ, ಎಲ್ಲವನ್ನೂ ಕ್ಯಾಂಪಿನದರಿಂದ ತುಂಬಿಸಿಕೊಳ್ಳಬೇಕು. ಅದನ್ನು ಮಾಡಿ ಮುಗಿಸುವಾಗ ಊಟದ ಹೊತ್ತು ಮೀರಿತ್ತು. ಲಾರಿಗಳು ಒಂದೊಂದಾಗಿ ಹೊರಟವು. ಆಗ ಯಾರು ಮಾಡಿದ್ದು ಎಂದು ನೋಡಲು ಮತ್ತೆ ಲಾಗ್ ತೆರೆದೆ. ಆ ಕೆಂಪು ಸಾಲಿಗೆ ಸ್ವಲ್ಪ ಮೊದಲು ಲಾಗಿನ್ ಆದವರ ಹೆಸರು ಇತ್ತು. ಅದು ನನ್ನದು. ಅದರ ಪಕ್ಕದಲ್ಲೇ, ಯಾವ ಕಂಪ್ಯೂಟರಿನಿಂದ ಎನ್ನುವುದೂ ಇತ್ತು. ಅದು ಅಕ್ಕನ ಮೇಜಿನದು.

ನಾನು ತಿರುಗಿ ನೋಡಿದೆ. ಅವರು ಪರದೆಯನ್ನೇ ನೋಡುತ್ತಿದ್ದರು.

"ಶುಕ್ರವಾರ ನೀ ನನ್ನ ಮಷಿನ್ನಿಗೆ ಕುಂತು ಕೆಲಸ ಮಾಡಿದ್ದಿ" ಎಂದರು ನಿಧಾನವಾಗಿ. "ನಿನ್ನ ಲಾಗಿನ್ ಹಂಗಽ ತೆರದಿತ್ತು ತಂಗಿ. ಶನಿವಾರ ಸರ್ವರ್ ಬಿತ್ತು, ಸಾಹೇಬರು ಮ್ಯಾಲಿಂದ ಮ್ಯಾಲೆ ಫೋನ್ ಮಾಡಾಕ ಹತ್ತಿದ್ರು. ಅವಸರದಾಗ ಹಳೀದಽ ತಂದು ಕೂಡಿಸಿಬಿಟ್ಟೆ."

"ಮಾಡಬಾರದು ಅಂತ ನೀವಽ ಹೇಳಿದ್ರಲ್ಲ ಅಕ್ಕಾ."

"ಹೌದವಾ, ಹೇಳಿದ್ದೆ." ನನ್ನ ಕೈ ಹಿಡಿದುಕೊಂಡರು. "ಇದನ್ನ ಯಾರಿಗೂ ತೋರಸಬ್ಯಾಡ. ನಾಳೆ ಮೀಟಿಂಗ್‌ನಾಗ ನಾನಽ ಬಾಯಿಬಿಟ್ಟು ಹೇಳ್ತೀನಿ. ಬ್ಯಾರೆಯವರಿಂದ ಗೊತ್ತಾಗೂದಕ್ಕಿಂತ ನಾ ಹೇಳಿದ್ರ ಚಲೋ."

ಹೌದೆಂದು ತಲೆಯಾಡಿಸಿದೆ. ಎದ್ದು ಬರುವಾಗ ಪಾಸ್‌ವರ್ಡು ಬದಲಿಸಬೇಕೆಂದು ಹೊಳೆಯಿತು. ಆದರೆ ಆಗಲೇ ಬದಲಿಸಿದರೆ ನಿಮ್ಮ ಮೇಲೆ ನನಗೆ ನಂಬಿಕೆ ಇಲ್ಲ ಎಂದು ಅವರ ಮುಖಕ್ಕೇ ಹೇಳಿದಂತೆ. ಕಣ್ಣಲ್ಲಿ ನೀರು ತಂದುಕೊಂಡವರಿಗೆ ಹಾಗೆ ಹೇಳಲು ನನ್ನಿಂದ ಆಗಲಿಲ್ಲ...

ಮರುದಿನ ಮೀಟಿಂಗಿನಲ್ಲಿ ಸಾಹೇಬರು ಮರಾಠಿಯಲ್ಲಿ ನೇರವಾಗಿ ಕೇಳಿದರು, ಶನಿವಾರ ಹಳೆಯ ಪ್ರತಿಯನ್ನು ಹಾಕಿದವರು ಯಾರು? ನಾನು ಅಕ್ಕನ ಕಡೆ ನೋಡಿದೆ. ಅವರು ಎದುರಿಗಿದ್ದ ಹಾಳೆಯನ್ನು ನೋಡುತ್ತ, ದಾಖಲೆಯಲ್ಲಿ ಇವಳ ಹೆಸರಿದೆ ಎಂದು ಮರಾಠಿಯಲ್ಲೇ ಹೇಳಿದರು. ಇನ್ನೂ ಹೊಸಬಳು, ಮನೆಯಿಂದ ಲಾಗಿನ್ ಆಗಿ ಸರಿಪಡಿಸಲು ಹೋಗಿರಬೇಕು, ದೊಡ್ಡದು ಮಾಡಬೇಡಿ ಎಂದರು. ದನಿ ನನ್ನ ಪರವಾಗಿ ಬೇಡಿಕೊಳ್ಳುವಂತಿತ್ತು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಕಡೆ ಬಾಗಿ, ಅಲ್ಲಿ ಯಾರಿಗೂ ತಿಳಿಯದ ನಮ್ಮ ಮಾತಿನಲ್ಲಿ ಮೆಲ್ಲಗೆ ಹೇಳಿದರು.

"ಈಗ ಸುಮ್ಮನಿರು ತಂಗಿ. ನಾ ಎಲ್ಲಾ ಸರಿ ಮಾಡ್ತೀನಿ."

ನಾನು ಸುಮ್ಮನಾದೆ. ಬೇರೆ ಯಾವ ಭಾಷೆಯಲ್ಲಿ ಹೇಳಿದ್ದರೂ ಬಹುಶಃ ಸುಮ್ಮನಿರುತ್ತಿರಲಿಲ್ಲ. ಅವ್ವನನ್ನು ಬಿಟ್ಟರೆ ಆ ದನಿಯಲ್ಲಿ ನನ್ನೊಂದಿಗೆ ಮಾತಾಡುತ್ತಿದ್ದವರು ಅವರೊಬ್ಬರೇ. ಸಾಹೇಬರು ನನ್ನ ಮೌನವನ್ನು ಒಪ್ಪಿಗೆಯೆಂದು ಬರೆದುಕೊಂಡರು.

ಮೀಟಿಂಗು ಮುಗಿದ ಕೂಡಲೇ ನನ್ನ ಮೇಜಿಗೆ ಓಡಿದೆ. ಕ್ಯಾಂಪ್ ಸರ್ವರಿನ ಲಾಗ್ ತೆರೆದರೆ ಶನಿವಾರವಿಲ್ಲ. ಅದರ ಹಿಂದಿನ ದಿನಗಳೂ ಇಲ್ಲ. ಲಾಗ್ ಅಳಿಸಿದರೆ, ಅಳಿಸಿದವರ ಹೆಸರನ್ನು ಸರ್ವರು ಮೊದಲ ಸಾಲಿನಲ್ಲಿ ಬರೆದಿಡುತ್ತದೆ. ಅದನ್ನು ತಪ್ಪಿಸಲು ಯಾರಿಂದಲೂ ಆಗುವುದಿಲ್ಲ. ಆ ಬೆಳಗಿನ ಮೊದಲ ಸಾಲಿನಲ್ಲಿ ಇದ್ದದ್ದು ನನ್ನ ಹೆಸರು.

ಶನಿವಾರದ್ದನ್ನು ಅವಸರವೆಂದು ಕ್ಷಮಿಸುತ್ತಿದ್ದೆನೇನೋ. ಇದು ಅವಸರವಲ್ಲ. ಆಸ್ಪತ್ರೆಯ ದಿನಗಳಲ್ಲಿ ನಾನು ಕೊಟ್ಟ ಪಾಸ್‌ವರ್ಡನ್ನು ಅವರು ಒಂದೊಂದೇ ಅಕ್ಷರ ಒತ್ತಿ ಬರೆದಿದ್ದರು.

ಸಾಹೇಬರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಆ ಸಾಲನ್ನು ನೋಡಿದರು, ನನ್ನನ್ನು ನೋಡಿದರು. ತಪ್ಪೂ ಮಾಡಿ, ಗುರುತೂ ಅಳಿಸಿ, ಈಗ ಕಲಿಸಿದವರ ಮೇಲೆ ಹಾಕುತ್ತೀಯಾ ಎಂದರು. ಶನಿವಾರ ಸೋಲಾಪುರದಲ್ಲಿದ್ದೆ ಎಂದರೆ, ಲಾಗಿನ್ ಎಲ್ಲಿಂದಲಾದರೂ ಆಗಬಹುದು ಎಂದರು. ನನ್ನ ಹತ್ತಿರ ತೋರಿಸಲು ಏನೂ ಉಳಿದಿರಲಿಲ್ಲ. ವಾರ ಕಳೆಯುವ ಮೊದಲೇ ರಾಜೀನಾಮೆ ಬರೆಸಿಕೊಂಡರು. ಕೊನೆಯ ದಿನ ನಾನು ಗುರುತಿನ ಚೀಟಿ ಒಪ್ಪಿಸಿ ಹೊರಡುವಾಗ ಅಕ್ಕ ಸರ್ವರ್ ಕೋಣೆಯೊಳಗಿದ್ದರು. ಗಾಜಿನ ಬಾಗಿಲಿನಿಂದ ಅವರ ಬೆನ್ನು ಕಾಣುತ್ತಿತ್ತು. ತಿರುಗಲಿಲ್ಲ.

ವಿಷಯ ಪೂರ್ತಿ ತಿಳಿದದ್ದು ಆಮೇಲೆ, ಅಲ್ಲಿಯೇ ಕೆಲಸಕ್ಕಿದ್ದ ಗೆಳತಿಯೊಬ್ಬಳಿಂದ. ನಮ್ಮ ವಿಭಾಗವನ್ನು ಹೊರಗಿನ ಗುತ್ತಿಗೆದಾರರಿಗೆ ಒಪ್ಪಿಸಿ ನಮ್ಮಿಬ್ಬರಲ್ಲಿ ಒಬ್ಬರನ್ನಷ್ಟೇ ಇಟ್ಟುಕೊಳ್ಳುವ ಮಾತು ಬಹಳ ದಿನಗಳಿಂದ ನಡೆದಿತ್ತಂತೆ. ಆ ಊಟದ ಹೊತ್ತಿನ ಕರೆಗಳು ಅದಕ್ಕೇ ಇದ್ದವು. ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೇ ಭಾನುವಾರ ನಮ್ಮ ಮನೆಗೆ ಬಂದು ಎಣ್ಣೆಗಾಯಿ ಉಂಡು ಹೋಗುತ್ತಿದ್ದರು. ದುಬೈಯ ಗಂಡ ದುಡ್ಡು ಕಳಿಸುವುದನ್ನು ನಿಲ್ಲಿಸಿದ್ದೂ ನಿಜವಂತೆ. ಅದೊಂದನ್ನು ಅವರು ನನಗೆ ಹೇಳಿದ್ದರೆ... ನಾನೇ ಬೇರೆ ಕಡೆ ಕೆಲಸ ಹುಡುಕಿಕೊಳ್ಳುತ್ತಿದ್ದೆ ಎಂದು ಹಲವು ಸಲ ಅನ್ನಿಸಿದೆ. ಹುಡುಕಿಕೊಳ್ಳುತ್ತಿದ್ದೆನೋ ಇಲ್ಲವೋ. ಕೇಳಿ ನೋಡಬಹುದಿತ್ತಲ್ಲ.

ಅವ್ವನಿಗೆ ನಾನು ಏನನ್ನೂ ಹೇಳಲಿಲ್ಲ. ಬೇರೆ ಕೆಲಸ ಸಿಕ್ಕಿತು, ಅದಕ್ಕೆ ಬಿಟ್ಟೆ ಎಂದೆ. ಸಿಗಲು ಸುಮಾರು ದಿನ ಹಿಡಿಯಿತು. ಚಿಂಚವಾಡದಲ್ಲಿ ಹೋದ ಕಡೆಯೆಲ್ಲ ನನಗಿಂತ ಮೊದಲೇ ಸುದ್ದಿ ಹೋಗಿರುತ್ತಿತ್ತು. ಕೊನೆಗೆ ಕ್ಯಾಂಪಿನ ಒಂದು ಸಣ್ಣ ಕಂಪನಿ ತೆಗೆದುಕೊಂಡಿತು, ಈಗಲೂ ಅಲ್ಲೇ ಇದ್ದೇನೆ. ಅವ್ವ ಮಾತ್ರ ಬಿಡದೆ ಕೇಳುತ್ತಿದ್ದಳು.

"ಅಕ್ಕ ಯಾಕ ಬರವಲ್ಲಳು? ಜಗಳ ಮಾಡಿದಿ ಏನು?"

"ಕೆಲಸ ಭಾಳ ಅದ ಅವರಿಗೆ" ಎನ್ನುತ್ತಿದ್ದೆ. ಅವ್ವನ ನೆನಪಿನಲ್ಲಾದರೂ ಅವರು ರೊಟ್ಟಿ ತಂದವರಾಗಿಯೇ ಇರಲಿ ಎಂದೋ, ನಾನು ಮೋಸಹೋದದ್ದನ್ನು ಹೇಳಲು ನಾಚಿಕೆಯೋ, ಇವತ್ತಿಗೂ ತಿಳಿಯದು.

ಅವರನ್ನು ಕೊನೆಯದಾಗಿ ಕಂಡದ್ದು ಹೋದ ವರ್ಷ, ಕ್ಯಾಂಪಿನ ಬೇಕರಿಯೊಂದರ ಸಾಲಿನಲ್ಲಿ. ಹಿಂದಿನಿಂದ ಯಾರೋ "ತಂಗಿ" ಎಂದರು. ಎಷ್ಟೋ ಕಾಲದಿಂದ ಹೊರಗೆ ಯಾರೂ ಹಾಗೆ ಕರೆದಿರಲಿಲ್ಲ. ಯೋಚಿಸುವ ಮೊದಲೇ ಕತ್ತು ತಿರುಗಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಆ ಕಂಪನಿ ನನ್ನನ್ನೂ ಬಿಟ್ಟುಹಾಕಿತು, ಈಗ ಊರಿಗೆ ಹೊರಟಿದ್ದೇನೆ ಎಂದರು. ನನ್ನ ತೋಳು ಮುಟ್ಟಲು ಕೈ ಚಾಚಿ, ಅರ್ಧಕ್ಕೆ ಹಿಂದೆ ತೆಗೆದುಕೊಂಡರು.

"ಅವ್ವ ಹೆಂಗದಾರವಾ?"

"ಠೀಕ ಆಹೇ" ಎಂದೆ, ಚೆನ್ನಾಗಿದ್ದಾಳೆ ಎಂದು, ಮರಾಠಿಯಲ್ಲಿ.

ಅವರ ಮುಖ ಸಣ್ಣಗಾಯಿತು. ಏನನ್ನೂ ಕೊಳ್ಳದೆ ಸಾಲು ಬಿಟ್ಟು ಹೋದರು. ನನ್ನ ಸರದಿ ಬಂತು. ಬ್ರೆಡ್ಡು ತೆಗೆದುಕೊಂಡು ರಸ್ತೆಗೆ ಬಂದಾಗ ಆ ಜನಸಂದಣಿಯಲ್ಲಿ ಅವರು ಎಲ್ಲೂ ಕಾಣಲಿಲ್ಲ.

ಅವ್ವ ತೀರಿಕೊಂಡು ಆಗಿನ್ನೂ ತಿಂಗಳಾಗಿರಲಿಲ್ಲ. ಅಕ್ಕ ಈಗ ಕಲಬುರಗಿಯಲ್ಲಿದ್ದಾರೋ ಎಲ್ಲಿದ್ದಾರೋ, ನಾನು ವಿಚಾರಿಸಿಲ್ಲ, ವಿಚಾರಿಸುವುದೂ ಇಲ್ಲ. ಅವರ ಮೇಲಿನ ನನ್ನ ಸಿಟ್ಟು ಹೋಗಿಲ್ಲ. ಆದರೆ ಅವ್ವ ಹೋದಳು ಎಂದು ಅವ್ವನ ಮಾತಿನಲ್ಲೇ ಹೇಳಿಕೊಂಡು ಅಳಲು ಈ ಊರಿನಲ್ಲಿ ನನಗೆ ಇದ್ದವರು ಅವರೊಬ್ಬರೇ...