ಅರ್ಥವಾಗದೆ ಓದಿದ ಹುಡುಗಿ

ನನ್ನ ತಂಗಿಯ ಮಗಳು ತೃಪ್ತಿ ಬಿ.ಫಾರ್ಮ ಓದಲು ವಿಶಾಖಪಟ್ಟಣಕ್ಕೆ ಬಂದು ನಮ್ಮ ಮನೆಯಲ್ಲಿ ಉಳಿದಾಗ ಅವಳಿಗೆ ಬರುತ್ತಿದ್ದ ತೆಲುಗೆಂದರೆ ‘ಚೆನ್ನಾಗಿದ್ದೀರಾ’ ಎಂದು ಕೇಳುವ ‘ಬಾಗುನ್ನಾರಾ’ ಒಂದೇ. ಎದುರಿನವರು ಅದಕ್ಕೆ ಉತ್ತರ ಕೊಟ್ಟರೆ ಮುಗಿಯಿತು, ನನ್ನ ಮುಖ ನೋಡುತ್ತಿದ್ದಳು. ನಾನು ಬ್ಯಾಂಕಿನವನು. ವರ್ಗವಾಗಿ ಮೊದಲು ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನಲ್ಲಿ ಥರ್ಮಲ್ ಸ್ಟೇಷನ್ನಿನ ಬೂದಿ ಕುಡಿದೆ, ಈಗ ಇಲ್ಲಿ ಸಮುದ್ರದ ಬೆವರು. ಮದ್ದೂರಿನ ಕೆಂಪಣ್ಣ ‘ಕೆಂಪಣ್ಣಗಾರು’ ಆಗಿದ್ದೇನೆ, ಅಷ್ಟೇ ಬಡ್ತಿ.

ಅಂಥ ಹುಡುಗಿ ಒಂದು ಸಂಜೆ ಬಂದು, “ಮಾವ, ನಮ್ ಕಾಲೇಜಲ್ಲಿ ಸೇವಾ ಸಂಘ ಐತೆ. ಕಣ್ಣು ಕಾಣ್ದೋರ್ಗೆ ಪುಸ್ತಕ ಓದಿ ಹೇಳಾಕೆ ಹೆಸ್ರು ಕೊಟ್ಟಿವ್ನಿ” ಎಂದಳು.

“ಯಾವ ಭಾಷೇಲಿ?”

“ತೆಲುಗಲ್ಲಿ.”

ನಕ್ಕ ರಭಸಕ್ಕೆ ಕಾಫಿ ಪಂಚೆಯ ಮೇಲೆ ಚೆಲ್ಲಿತು. “ನಿಂಗೇ ಅರ್ಥ ಆಗ್ದಿದ್ದನ್ನ ಇನ್ನೊಬ್ರಿಗೆ ಏನ್ ಓದೀಯೆ? ಗಿಳಿಪಾಠನಾ?”

“ಅಕ್ಷರ ಕಲ್ತ್ಕೋತೀನಿ ಮಾವ. ಅರ್ಥ, ಕೂತ್ ಕೇಳೋ ಅಕ್ಕಂಗೆ ಗೊತ್ತಾಯ್ತದೆ.”

ಅಕ್ಷರವೇನೋ ಬಂತು. ನಮ್ಮದೂ ಅವರದೂ ಅಕ್ಕತಂಗಿ ಲಿಪಿ, ತಲೆಕಟ್ಟು ಬೇರೆ. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಓದುತ್ತಲೇ ಹುಡುಗಿ ಸರಾಗವಾಗಿ ಓದತೊಡಗಿದಳು. ಆದರೆ ನಾಲೆಯ ಆಚೆ ದಡದವರನ್ನು ಕೂಗುವ ಹಾಗೆ ಮಾತಿನ ಕೊನೆಯನ್ನು ಎಳೆಯುವ ನಮ್ಮೂರ ಚಾಳಿ ತೆಲುಗಿಗೂ ಅಂಟಿತು. ಅರ್ಥ ಗೊತ್ತಿಲ್ಲದ್ದರಿಂದ ಉಸಿರು ಮುಗಿದಲ್ಲೇ ನಿಲುಗಡೆ. ಕೇಳಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಆ ಅಕ್ಕನ ಹೆಸರು ಗಂಗಾಭವಾನಿ. ಅನಕಾಪಲ್ಲಿಯ ಬೆಲ್ಲದ ಮಂಡಿಯಲ್ಲಿ ಮೂಟೆ ಹೊರುವವರ ಮಗಳು. ಹೈಸ್ಕೂಲಿನಲ್ಲಿದ್ದಾಗ ಜ್ವರ ಬಂದು ದೃಷ್ಟಿ ಹೋಯಿತು. ಆದರೂ ಎಂ.ಎ., ಬಿ.ಎಡ್. ಮುಗಿಸಿದ್ದಳು. ಸರ್ಕಾರಿ ಶಾಲೆಯ ಶಿಕ್ಷಕಿಯಾಗಬೇಕೆಂಬುದೇ ಹಂಬಲ. ಹಿಂದಿನ ನೇಮಕಾತಿ ಪರೀಕ್ಷೆಯಲ್ಲಿ ಕೆಲಸ ಕೂದಲೆಳೆಯಲ್ಲಿ ತಪ್ಪಿತ್ತು. ಈ ಸಲವೂ ತಪ್ಪಿದರೆ ಓದು ಸಾಕು, ಅಣ್ಣನ ಮನೆಯಲ್ಲಿ ಕೂತಿರು ಎಂದು ಮನೆಯವರು ಕಡ್ಡಿ ಮುರಿದಂತೆ ಹೇಳಿದ್ದರು.

ಒಂದು ಮಧ್ಯಾಹ್ನ ತೃಪ್ತಿಯನ್ನು ಕರೆತರಲು ಕಾಲೇಜಿಗೆ ಹೋದವನು ಇಬ್ಬರನ್ನೂ ನೋಡಿದೆ. ತೃಪ್ತಿ ಪಾಠ ಓದಿದಳು, ಅಡಿಟಿಪ್ಪಣಿ ಓದಿದಳು, ಕೊನೆಗೆ ಅಚ್ಚು ಹಾಕಿದ ಪ್ರೆಸ್ಸಿನ ವಿಳಾಸವನ್ನೂ ಅದೇ ಭಕ್ತಿಯಿಂದ ಓದಿದಳು. ಗಂಗಾಭವಾನಿ ಕತ್ತು ವಾಲಿಸಿ ಕೇಳುತ್ತಿದ್ದಳು.

“ತೆಲುಗಿನ ಮಕ್ಕಳು ಯಾರೂ ಸಿಗಲಿಲ್ಲವೇನಮ್ಮಾ?” ಎಂದು ನನ್ನ ಹರಕು ತೆಲುಗಿನಲ್ಲಿ ಕೇಳಿದೆ.

ಅವಳು ನಕ್ಕಳು. “ಅವರೂ ಬರ್ತಾರೆ ಸಾರ್. ಆದರೆ ‘ಇದು ಪರೀಕ್ಷೆಗೆ ಬರಲ್ಲ ಅಕ್ಕಾ’ ಅಂತ ಪುಟ ಹಾರಿಸಿಬಿಡ್ತಾರೆ. ಕಳೆದ ಸಲ ಹಾರಿಸಿದ್ದೇ ಬಂತು. ಈ ಅಮ್ಮಾಯಿಗೆ ಏನು ಬಿಡಬೇಕು ಅಂತ ಗೊತ್ತಿಲ್ಲ. ಅದಕ್ಕೇ ಏನನ್ನೂ ಬಿಡಲ್ಲ.”

ಒಬ್ಬಳಿಗೆ ಕಣ್ಣಿದೆ ಅರ್ಥವಿಲ್ಲ, ಇನ್ನೊಬ್ಬಳಿಗೆ ಅರ್ಥವಿದೆ ಕಣ್ಣಿಲ್ಲ. ಇಬ್ಬರೂ ಸೇರಿ ಒಂದಕ್ಷರ ಸೋರದ ಹಾಗೆ ಪುಸ್ತಕವನ್ನು ಆಚೆಯಿಂದ ಈಚೆಗೆ ದಾಟಿಸುತ್ತಿದ್ದರು. ಆಮೇಲೆ ಗಿಳಿಪಾಠದ ಮಾತು ನಾನು ಎತ್ತಲಿಲ್ಲ.

ಪರೀಕ್ಷೆಯ ಕೇಂದ್ರ ವಿಜಯವಾಡದಲ್ಲಿ ಬಂತು. ಪ್ರಶ್ನೆ ಓದಿ, ಗಂಗಾಭವಾನಿ ಹೇಳಿದ ಉತ್ತರದ ಅಂಕಿಗೆ ಗುರುತು ಹಾಕಲು ಸಂಘದ ತೆಲುಗು ಹುಡುಗ ಸಾಯಿಕಿರಣ್ ಒಪ್ಪಿದ್ದ. ಹೊರಡುವ ಹೊತ್ತಿಗೆ ಅವನಿಗೆ ಡೆಂಗಿ. ತೃಪ್ತಿಯೇ ಹೋಗಬೇಕಾಯಿತು, ಜೊತೆಗೆ ನಾನು.

ಬಾಗಿಲಲ್ಲಿದ್ದ ಬೋಳುತಲೆಯ ಅಧಿಕಾರಿ ತೃಪ್ತಿಯನ್ನು ತೆಲುಗಿನಲ್ಲಿ ಏನೋ ಕೇಳಿದರು. ಅವಳು ನನ್ನ ಮುಖ ನೋಡಿದಳು.

“ತೆಲುಗೇ ಬಾರದವಳು ಪ್ರಶ್ನೆ ಹೇಗೆ ಓದುತ್ತಾಳೆ? ಆಗುವುದಿಲ್ಲ” ಎಂದರು ಅವರು. ಗೇಟು ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಬ್ಯಾಂಕಿನಲ್ಲಿ ಗಿರಾಕಿಗಳ ಮೇಲೆ ಹಾರಾಡುವ ನಾನು ಅಲ್ಲಿ ಕೈಮುಗಿದೆ.

ಗಂಗಾಭವಾನಿ ತೃಪ್ತಿಯ ಭುಜ ಹಿಡಿದು ಮುಂದೆ ಬಂದಳು. “ಈ ಅಮ್ಮಾಯಿ ಓದುತ್ತಾಳೆ ಸಾರ್, ನಾನು ಅರ್ಥ ಮಾಡಿಕೊಳ್ಳುತ್ತೇನೆ. ಬೇಕಾದರೆ ನೋಡಿ.”

ಅಧಿಕಾರಿ ಮೇಜಿನ ಮೇಲಿದ್ದ ದಿನಪತ್ರಿಕೆಯನ್ನು ಒಡ್ಡಿದರು. ಕಣ್ಣಿಗೆ ಮೊದಲು ಬಿದ್ದದ್ದನ್ನು ತೃಪ್ತಿ ಗಟ್ಟಿಯಾಗಿ, ಗಂಭೀರವಾಗಿ ಓದತೊಡಗಿದಳು. ಅದು ಬೋಳುತಲೆಯಲ್ಲಿ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತು! ಕಾವಲಿನ ಪೊಲೀಸರು ಬಾಯಿಗೆ ಕೈ ಅಡ್ಡ ಹಿಡಿದರು. ಅಧಿಕಾರಿಯ ಕೈ ತಾನಾಗಿ ತಲೆಗೆ ಹೋಯಿತು. ಏನೂ ತಿಳಿಯದ ತೃಪ್ತಿ ಅಂಗಡಿಯ ವಿಳಾಸದವರೆಗೂ ಓದಿಯೇ ನಿಲ್ಲಿಸಿದಳು. ಗಂಗಾಭವಾನಿ ನಗು ನುಂಗಿಕೊಂಡು ಅಷ್ಟನ್ನೂ ಮೊದಲಿಂದ ಕೊನೆಯವರೆಗೆ ಒಪ್ಪಿಸಿದಳು.

ಅಧಿಕಾರಿ ಪತ್ರಿಕೆಯನ್ನು ಮಡಿಸಿಟ್ಟು, “ಉತ್ತರ ಹೇಳಿಕೊಡುವ ಭಯವಂತೂ ಇಲ್ಲ. ಹೋಗಿರಮ್ಮಾ” ಎಂದರು. ನಾನು ಹೊರಗೆ ಮರದ ಕೆಳಗೆ ನಿಂತು ಬೆಟ್ಟದ ಮೇಲಿನ ಕನಕದುರ್ಗಮ್ಮನಿಗೂ ಊರಿನ ಮದ್ದೂರಮ್ಮನಿಗೂ ಒಟ್ಟಿಗೇ ಹರಕೆ ಹೊತ್ತೆ.

ಗಂಗಾಭವಾನಿಗೆ ಕೆಲಸ ಸಿಕ್ಕಿತು. ಅಚ್ಯುತಾಪುರಂ ಹತ್ತಿರದ ಶಾಲೆ; ಕಾರ್ಖಾನೆ ಕೂಲಿಯವರ ಮಕ್ಕಳೇ ಹೆಚ್ಚು. ಬರಲೇಬೇಕೆಂದು ಕರೆದಳು, ಹೋದೆವು. ನದಿಗಳ ಪಾಠ ನಡೆದಿತ್ತು. ಕೈಯಲ್ಲಿ ಪುಸ್ತಕವಿಲ್ಲದೆ ಒಂದೊಂದೇ ಸಾಲು ಹೇಳುತ್ತಿದ್ದಳು, ಮಕ್ಕಳು ಹಿಂದೆಯೇ ಒಕ್ಕೊರಲಿನಿಂದ ಹೇಳುತ್ತಿದ್ದವು.

ಕಿಟಕಿಯ ಹೊರಗೆ ನಿಂತಿದ್ದ ನನಗೆ ಏನೋ ತಟ್ಟಿತು. ಮಕ್ಕಳು ನಿಲ್ಲಿಸಬಾರದ ಕಡೆ ನಿಲ್ಲಿಸುತ್ತಿದ್ದವು. ಸಾಲಿನ ಕೊನೆಯನ್ನು ನಾಲೆಯ ಆಚೆ ದಡದವರನ್ನು ಕೂಗುವ ಹಾಗೆ ಎಳೆಯುತ್ತಿದ್ದವು. ಗಂಗಾಭವಾನಿ ಪಾಠವನ್ನು ಕೇಳಿದ ಹಾಗೆಯೇ ಉಳಿಸಿಕೊಂಡಿದ್ದಳು, ತೃಪ್ತಿಯ ಉಸಿರಿನ ಸಮೇತ.

“ಈ ಮಕ್ಳು ಯಾಕ್ ಮಾವ ಹಿಂಗ್ ಎಳೀತವೆ?” ಎಂದು ತೃಪ್ತಿ ಕೇಳಿದಳು.

“ನಮ್ಮೂರೋರು ಕಣವ್ವ” ಎಂದೆ.